ಓಟಿ ಅಂದ್ರೆ ಆಪರೇಶನ್ ಥಿಯೇಟರ್ ಅಲ್ಲ ಸ್ವಾಮೀ!

ಮೊನ್ನೆ ತುಮಕೂರಿನಲ್ಲಿ ನೆಂಟರ ಮದುವೆ. ಎರಡನೇ ಪಂಕ್ತಿಗೆ ಕಾಯುತ್ತಾ ಕೂತಿದ್ದೆ. ಪಕ್ಕದಲ್ಲಿದ್ದ ದೂರದ ಸಂಬಂಧದ ದೊಡ್ಡಮ್ಮ ಮಾತಿಗೆಳೆದರು.

"ಏನ್ ಕೆಲಸ ಮಾಡ್ಕೊಂಡಿದೀಯಮ್ಮಾ ಈಗ?"

"ಆಸ್ಪತ್ರೇಲಿ ದೊಡ್ಡಮ್ಮ. ಆಕ್ಯುಪೇಶನಲ್ ಥೆರಪಿಸ್ಟ್."

"ಹಂಗಂದ್ರೆ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಮಗ ಉತ್ತರ ಕೊಟ್ಟಾಗಿತ್ತು. "ಫಿಸಿಯೋ ಕಣಮ್ಮಾ. ಕೈಕಾಲು ತಿರುಗಿಸ್ತಾರಲ್ಲ, ಅದು."

"ಅಯ್ಯೋ ಒಳ್ಳೇದಾಯ್ತು ಬಿಡು, ನನ್ನ ಮಂಡಿ ಸ್ವಲ್ಪ ನೋಡು" ಅಂತ ದೊಡ್ಡಮ್ಮ ಕಾಲು ಚಾಚಿಯೇ ಬಿಟ್ಟರು. ಅಷ್ಟರಲ್ಲಿ ಹಿಂದಿನ ಕುರ್ಚಿಯವರು ಮುಂದಕ್ಕೆ ಬಗ್ಗಿ, "ಆಕ್ಯುಪೇಶನ್ ಅಂದ್ರೆ ಉದ್ಯೋಗ ಅಲ್ವೇನಮ್ಮಾ? ನಮ್ಮ ಹುಡುಗಂದು ಬಿಇ ಮುಗಿದು ಎರಡು ವರ್ಷ ಆಯ್ತು. ಎಲ್ಲಾದ್ರೂ ಒಂದ್ಮಾತು ಹೇಳಕ್ಕಾಗುತ್ತಾ ನೋಡು" ಅಂದರು!

ನಗಿ, ಪರವಾಗಿಲ್ಲ. ಹದಿನಾಲ್ಕು ವರ್ಷದಿಂದ ನಾನೂ ನಗುತ್ತಲೇ ಬಂದಿದ್ದೇನೆ. ನಾನು ಮೊದಲು ಕೆಲಸಕ್ಕಿದ್ದ ಆಸ್ಪತ್ರೆಯಲ್ಲಿ ನಮ್ಮ ಕೋಣೆಯ ಬಾಗಿಲ ಮೇಲೆ 'ಓಟಿ' ಅಂತ ಎರಡೇ ಅಕ್ಷರದ ಬೋರ್ಡ್ ಇತ್ತು. ಒಂದು ದಿನ ಹಳ್ಳಿಯ ಅಜ್ಜ ಒಬ್ಬರು ಆ ಬಾಗಿಲ ಮುಂದೆ ಒಂದು ಗಂಟೆ ಕೈಮುಗಿದುಕೊಂಡು ನಿಂತಿದ್ದರು. ಯಾಕಪ್ಪಾ ಅಂತ ಕೇಳಿದರೆ, ಒಳಗೆ ಮಗಳಿಗೆ ಸಿಸೇರಿಯನ್ ಆಗ್ತಿದೆಯಂತೆ! ಒಳಗೆ ನೋಡಿದರೆ ನಾನು, ಒಬ್ಬ ಪೇಷೆಂಟು, ಒಂದಷ್ಟು ಮರದ ಗೂಟಗಳು. ಅವರನ್ನು ಮೇಲಿನ ಮಹಡಿಗೆ ಕರೆದುಕೊಂಡು ಹೋಗುವಷ್ಟರಲ್ಲಿ ಮೊಮ್ಮಗು ಹುಟ್ಟಿ ಅರ್ಧ ಗಂಟೆ ಆಗಿತ್ತು.

ನಮ್ಮ ವೃತ್ತಿಯವರು ನಾಲ್ಕು ಜನ ಸೇರಿದರೆ ಇಂಥ ಕಥೆಗಳಿಗೆ ಬರವಿಲ್ಲ. ಎಲ್ಲ ಹೇಳಿ, ನಕ್ಕು, ಕೊನೆಗೆ ಎಲ್ಲರೂ ಒಂದೇ ರಾಗ ಎಳೆಯುತ್ತೇವೆ - "ಏನ್ ಮಾಡೋದು, ನಮ್ಮ ಜನಕ್ಕೆ ಅವೇರ್‌ನೆಸ್ ಇಲ್ಲ." ಪ್ರತಿ ವರ್ಷ ಅಕ್ಟೋಬರ್ 27ಕ್ಕೆ ವಿಶ್ವ ಆಕ್ಯುಪೇಶನಲ್ ಥೆರಪಿ ದಿನ ಅಂತ ಬರುತ್ತದೆ. ಅವತ್ತು ಇದೇ ರಾಗ ಸ್ವಲ್ಪ ಜೋರಾಗಿ. ಕೇಕ್ ಕತ್ತರಿಸಿ, ಫೋಟೋ ಹಾಕಿ, ಒಬ್ಬರ ಪೋಸ್ಟಿಗೆ ಇನ್ನೊಬ್ಬರು ಲೈಕ್ ಒತ್ತಿ ಮನೆಗೆ ಹೋಗುತ್ತೇವೆ.

ಈ ರಾಗ ಕೇಳಿ ಕೇಳಿ ನನಗೆ ಸಾಕಾಗಿದೆ. ಜನಕ್ಕೆ ಗೊತ್ತಿಲ್ಲ, ನಿಜ. ಆದರೆ ಅದು ಜನರ ತಪ್ಪಲ್ಲ. ನಾವು ಮಾಡುವ ಕೆಲಸ ತೀರಾ ಚಿಕ್ಕದಾಗಿ ಕಾಣುತ್ತದೆ ಅಂತ ನಮಗೇ ನಾಚಿಕೆ. ಅದನ್ನ ಮನೆಯ ಹೆಂಗಸರು ಹೇಗೂ ಪುಕ್ಕಟೆ ಮಾಡಿಕೊಡ್ತಾರೆ ಅಂತ ಉಳಿದವರಿಗೆ ನೆಮ್ಮದಿ. ಇವೆರಡರ ಮಧ್ಯೆ ನಮ್ಮ ವೃತ್ತಿ ಯಾರ ಕಣ್ಣಿಗೂ ಬೀಳದೆ ಕೂತಿದೆ. ಇದೇ ನನ್ನ ವಾದ. ಒಪ್ಪದವರು ಕೊನೆಯವರೆಗೆ ಓದಿ ಆಮೇಲೆ ಬೈಯಿರಿ.

ಮೊದಲು ಒಬ್ಬ ಮೇಷ್ಟ್ರ ಕಥೆ ಹೇಳಬೇಕು. ಹೆಸರು, ಊರು ಬೇಡ.

ರಿಟೈರ್ ಆದ ಕನ್ನಡ ಮೇಷ್ಟ್ರು. ಮೆದುಳಿನ ಬಲಭಾಗಕ್ಕೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಬಿದ್ದಿದ್ದವು. ಆಸ್ಪತ್ರೆಯಲ್ಲಿ ಒಳ್ಳೆಯ ಚಿಕಿತ್ಸೆಯೇ ಸಿಕ್ಕಿತ್ತು. ಫಿಸಿಯೋಥೆರಪಿಯೂ ಆಗಿ ಎರಡು ತಿಂಗಳಲ್ಲಿ ಕೋಲು ಹಿಡಿದು ನಡೆಯುತ್ತಿದ್ದರು. ಫೈಲಿನಲ್ಲಿ 'ನಡಿಗೆ ಸ್ವತಂತ್ರ' ಅಂತ ಬರೆದು ಕಳಿಸಿದ್ದರು. ನನ್ನ ಹತ್ತಿರ ಬಂದಾಗ ಎಂಟು ತಿಂಗಳಾಗಿತ್ತು. ಕರೆದುಕೊಂಡು ಬಂದ ಮಗ ಅಪ್ಪನಿಗೆ ಕೇಳಿಸದ ಹಾಗೆ ಹೇಳಿದ: "ಮೇಡಂ, ಕಾಲು ಸರಿಯಾಗಿದೆ. ತಲೆ ಕೆಟ್ಟಿದೆ."

ಏನಾಗ್ತಿತ್ತು ಅಂದರೆ, ಊಟಕ್ಕೆ ಕೂತರೆ "ಪಲ್ಯ ಹಾಕಿಲ್ಲ, ಉಪ್ಪಿನಕಾಯಿ ಹಾಕಿಲ್ಲ" ಅಂತ ತಟ್ಟೆ ತಳ್ಳುತ್ತಿದ್ದರು. ಹೆಂಡತಿ ಎಲ್ಲವನ್ನೂ ಬಡಿಸಿದ್ದರು. ನಲವತ್ತು ವರ್ಷ ಬಡಿಸಿದ ಕೈ, ಆ ತಾಯಿಗೆ ಎಷ್ಟು ನೋವಾಗಿರಬೇಡ! ಒಂದು ಕಡೆ ಮಾತ್ರ ಗಡ್ಡ ಹೆರೆದುಕೊಳ್ಳುತ್ತಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ದಿನಾ ಬೆಳಿಗ್ಗೆ ಪೇಪರ್ ಹಿಡಿದು ರೇಗುತ್ತಿದ್ದರಂತೆ. "ಇವರಿಗೆ ಒಂದು ವಾಕ್ಯ ನೆಟ್ಟಗೆ ಬರೆಯಕ್ಕೆ ಬರಲ್ಲ, ಕರ್ತೃ ಇಲ್ಲ, ಕ್ರಿಯಾಪದ ಇಲ್ಲ, ಕನ್ನಡ ಹಾಳಾಗಿ ಹೋಯ್ತು" ಅಂತ. ಕೊನೆಗೆ ಪೇಪರ್ ಹಾಕಿಸುವುದನ್ನೇ ನಿಲ್ಲಿಸಿದ್ದರು. ಕಣ್ಣಿನ ಡಾಕ್ಟರ ಹತ್ತಿರ ಹೋದರೆ ಕಣ್ಣು ಚೆನ್ನಾಗಿದೆ ಅಂದರಂತೆ. ಹಾಗಾದರೆ ಬುದ್ಧಿಯೇ ಕೆಟ್ಟಿರಬೇಕು ಅಂತ ಮನೆಯವರು ತೀರ್ಮಾನ ಮಾಡಿಬಿಟ್ಟಿದ್ದರು.

ಅವರ ಬುದ್ಧಿ ಕೆಟ್ಟಿರಲಿಲ್ಲ. ಮೆದುಳಿನ ಬಲಭಾಗಕ್ಕೆ ಪೆಟ್ಟು ಬಿದ್ದಾಗ ಕೆಲವರಿಗೆ ಜಗತ್ತಿನ ಎಡಭಾಗದ ಕಡೆ ಗಮನವೇ ಹೋಗುವುದಿಲ್ಲ. ಕಣ್ಣು ಕಾಣುತ್ತದೆ, ಆದರೆ ಎಡಗಡೆ ಅಂತ ಒಂದು ಇದೆ ಅನ್ನುವುದೇ ಮೆದುಳಿಗೆ ತೋಚುವುದಿಲ್ಲ. ಹಾಗಾಗಿ ತಟ್ಟೆಯ ಎಡಗಡೆ ಇದ್ದ ಪಲ್ಯ, ಉಪ್ಪಿನಕಾಯಿ ಅವರ ಪಾಲಿಗೆ ಇರಲೇ ಇಲ್ಲ. ಪೇಪರಿನ ಪ್ರತಿ ಸಾಲನ್ನೂ ಅವರು ಮಧ್ಯದಿಂದ ಓದುತ್ತಿದ್ದರು. ಮಧ್ಯದಿಂದ ಓದಿದರೆ ಯಾವ ವಾಕ್ಯಕ್ಕೆ ಕರ್ತೃ ಸಿಗುತ್ತದೆ ಹೇಳಿ? ಒಬ್ಬ ಕನ್ನಡ ಮೇಷ್ಟ್ರು ಎಂಟು ತಿಂಗಳು ಕನ್ನಡವೇ ಹಾಳಾಗಿದೆ ಅಂತ ನಂಬಿಕೊಂಡು ಕೂತಿದ್ದರು!

ನಾನು ಮಾಡಿದ್ದು ದೊಡ್ಡ ವಿದ್ಯೆ ಏನಲ್ಲ. ಪೇಪರಿನ ಪ್ರತಿ ಕಾಲಮ್ಮಿನ ಎಡ ಅಂಚಿಗೆ ಕೆಂಪು ಸ್ಕೆಚ್ ಪೆನ್ನಿನಿಂದ ಉದ್ದಕ್ಕೆ ಗೆರೆ ಎಳೆದೆ. "ಮೇಷ್ಟ್ರೇ, ಕೆಂಪು ಗೆರೆ ಸಿಗೋವರೆಗೂ ತಲೆ ತಿರುಗಿಸಬೇಕು. ಗೆರೆ ಮೇಲೆ ಬೆರಳಿಟ್ಟುಕೊಂಡೇ ಸಾಲು ಶುರು ಮಾಡಬೇಕು" ಅಂದೆ. ಎರಡು ಸಾಲು ನಿಧಾನವಾಗಿ ಓದಿದರು. ನಿಲ್ಲಿಸಿದರು. ಮತ್ತೆ ಅದೇ ಎರಡು ಸಾಲು ಓದಿದರು. ಆಮೇಲೆ ಹೆಂಡತಿ ಕಡೆ ತಿರುಗಿ "ಪಲ್ಯ ಹಾಕ್ತಿದ್ದೆ ಅಲ್ವೇನೆ ನೀನು?" ಅಂದರು.

ಆ ತಾಯಿ ಅಳುತ್ತಿದ್ದರು. ನಾನು ಏನೋ ಹುಡುಕುವವಳ ಹಾಗೆ ಬೀರುವಿನ ಕಡೆ ಹೋದೆ.

ಸಂಪೂರ್ಣ ಗುಣವಾಯಿತು ಅಂತ ಸುಳ್ಳು ಹೇಳುವುದಿಲ್ಲ. ಇವತ್ತಿಗೂ ಕೆಲವು ದಿನ ತಟ್ಟೆಯ ಎಡಗಡೆ ಉಳಿದುಹೋಗುತ್ತದೆ. ಆಗ ಹೆಂಡತಿ ಬೈಸಿಕೊಳ್ಳುವ ಬದಲು ತಟ್ಟೆ ತಿರುಗಿಸುತ್ತಾರೆ. ಎಡ ತೋಳಿಗೆ ಮೊದಲು ಶರ್ಟ್ ಹಾಕಿ ಆಮೇಲೆ ಬಲ, ಬಿಚ್ಚುವಾಗ ಬಲ ಮೊದಲು ಎಡ ಕೊನೆಗೆ - ಇದನ್ನು ಕಲಿತು ತಮ್ಮ ಶರ್ಟ್ ತಾವೇ ಹಾಕಿಕೊಳ್ಳುತ್ತಾರೆ. ಪೇಪರ್ ಮತ್ತೆ ಬರುತ್ತಿದೆ. ಗೆರೆ ಎಳೆಯುವುದು ಮೊಮ್ಮಗಳ ಕೆಲಸ.

ಇದು ನಮ್ಮ ಕೆಲಸ. ಕಾಯಿಲೆಯೋ ಅಪಘಾತವೋ ಬಂದು ನಿಮ್ಮ ದಿನದಲ್ಲಿ ಯಾವ ಕೆಲಸ ನಿಂತುಹೋಗಿದೆಯೋ ಅದನ್ನು ನೀವೇ ಮತ್ತೆ ಮಾಡುವ ಹಾಗೆ ಮಾಡುವುದು. ಫಿಸಿಯೋಥೆರಪಿಸ್ಟರು ಮೇಷ್ಟ್ರನ್ನು ನಡೆಸಿದರು. ಅವರಿಲ್ಲದಿದ್ದರೆ ಮೇಷ್ಟ್ರು ನನ್ನ ಬಾಗಿಲಿಗೆ ಬರುವುದೇ ಸಾಧ್ಯವಿರಲಿಲ್ಲ. ಅವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ನಡೆದು ಹೋಗಿ ಏನು ಮಾಡಬೇಕು ಅನ್ನುವ ಪ್ರಶ್ನೆಯನ್ನು ಎಂಟು ತಿಂಗಳು ಯಾರೂ ಕೇಳಲಿಲ್ಲವಲ್ಲ, ನನ್ನ ಸಿಟ್ಟು ಅದಕ್ಕೆ.

ಯಾಕೆ ಕೇಳಲಿಲ್ಲ?

ಮೊದಲು ನಮ್ಮ ಕಡೆಯ ತಪ್ಪು ಹೇಳುತ್ತೇನೆ. ನಮ್ಮ ವೃತ್ತಿ ಹುಟ್ಟಿದ ಬಗೆ ನಮ್ಮಲ್ಲೇ ಎಷ್ಟೋ ಜನಕ್ಕೆ ಮರೆತುಹೋಗಿದೆ. 1917ರ ಮಾರ್ಚಿನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಕ್ಲಿಫ್ಟನ್ ಸ್ಪ್ರಿಂಗ್ಸ್ ಅನ್ನುವ ಊರಿನಲ್ಲಿ ಆರು ಜನ ಸೇರಿ ಇದಕ್ಕೊಂದು ಸಂಘ ಕಟ್ಟಿದರು. ಕರೆದವರು ಜಾರ್ಜ್ ಬಾರ್ಟನ್, ಕಟ್ಟಡಗಳ ನಕ್ಷೆ ಬರೆಯುವ ಆರ್ಕಿಟೆಕ್ಟ್. ಕ್ಷಯ ಬಂದು, ಕಾಲ್ಬೆರಳು ಕತ್ತರಿಸಿ, ಎಡಭಾಗ ಲಕ್ವ ಹೊಡೆದ ಮನುಷ್ಯ. ತೋಟದ ಕೆಲಸ, ಮರಗೆಲಸ ಮಾಡುತ್ತಾ ತನ್ನನ್ನು ತಾನು ಎತ್ತಿ ನಿಲ್ಲಿಸಿಕೊಂಡವನು. ಉಳಿದವರಲ್ಲಿ ಇನ್ನೊಬ್ಬ ಆರ್ಕಿಟೆಕ್ಟ್, ಒಬ್ಬ ಮನೋವೈದ್ಯ, ಸಮಾಜಸೇವೆಯ ಹಿನ್ನೆಲೆಯ ಒಬ್ಬಾಕೆ, ಕರಕುಶಲ ಕಲಿಸುವ ಒಬ್ಬ ಟೀಚರು, ಒಬ್ಬ ಸೆಕ್ರೆಟರಿ. ಆರು ಜನರಲ್ಲಿ ಡಾಕ್ಟರು ಒಬ್ಬರೇ!

ನಮ್ಮ ದೇಶಕ್ಕೆ ಇದನ್ನು ತಂದವರು ಕಮಲಾ ನಿಂಬ್‌ಕರ್. ಹುಟ್ಟಿದ್ದು ಅಮೆರಿಕದಲ್ಲಿ, ಎಲಿಜಬೆತ್ ಲಂಡಿ ಆಗಿ. ಮದುವೆಯಾಗಿ ಭಾರತಕ್ಕೆ ಬಂದು 1950ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಮೊದಲ ಆಕ್ಯುಪೇಶನಲ್ ಥೆರಪಿ ಶಾಲೆ ಶುರು ಮಾಡಿದರು. 1952ರಲ್ಲಿ ಅಖಿಲ ಭಾರತ ಸಂಘವೂ ಆಯಿತು. ಅಂದರೆ ನಾವು ಈ ದೇಶದಲ್ಲಿ ಹೊಸಬರಲ್ಲ. ಎಪ್ಪತ್ತು ವರ್ಷ ದಾಟಿದೆ. ಇಷ್ಟು ವರ್ಷವಾದರೂ ಮದುವೆಮನೆಯ ದೊಡ್ಡಮ್ಮನಿಗೆ ಒಂದು ವಾಕ್ಯದಲ್ಲಿ ಹೇಳಕ್ಕಾಗಲ್ಲ ಅಂದರೆ ತಪ್ಪು ದೊಡ್ಡಮ್ಮನದೇ?

ನಾವು ಮಾಡಿದ್ದೇನು? ಶರ್ಟಿನ ಗುಂಡಿ, ಬಚ್ಚಲಿನ ಚೊಂಬು, ಊಟದ ತಟ್ಟೆ ಇವೆಲ್ಲ ನಮ್ಮ ಸಾಮಾನು ಅಂತ ಹೇಳಿಕೊಳ್ಳಲು ನಾಚಿಕೊಂಡೆವು. ಅವುಗಳ ಬದಲು ಪೆಗ್ ಬೋರ್ಡ್ ಇಟ್ಟುಕೊಂಡೆವು. ತೂತಿಗೆ ಗೂಟ ಹಾಕು, ಗೂಟ ತೆಗೆ. ನಾನೂ ಎರಡು ವರ್ಷ ಅದನ್ನೇ ಆಡಿಸಿದವಳು. ಬೆರಳಿಗೆ ವ್ಯಾಯಾಮ ಆಗುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಬಂದು ಗೂಟ ಆಡಿ ಹೋದ ರೈತನಿಗೆ ಇದು ಚಿಕಿತ್ಸೆ ಅಂತ ಅನ್ನಿಸದಿದ್ದರೆ ಅವನದೇನು ತಪ್ಪು? ಗೂಟಕ್ಕೂ ಅವನ ಪಂಚೆಯ ಗಂಟಿಗೂ ಏನು ಸಂಬಂಧ ಅಂತ ನಾವು ಯಾವತ್ತಾದರೂ ಹೇಳಿದೆವಾ?

ಫಾರಂಗಳ ಕಥೆ ಇನ್ನೂ ಮಜವಾಗಿದೆ. ರೋಗಿ ಎಷ್ಟರಮಟ್ಟಿಗೆ ತನ್ನ ಕೆಲಸ ತಾನೇ ಮಾಡಿಕೊಳ್ಳುತ್ತಾನೆ ಅಂತ ಅಳೆಯಲು 1965ರಲ್ಲಿ ಪ್ರಕಟವಾದ ಬಾರ್ಥೆಲ್ ಇಂಡೆಕ್ಸ್ ಅಂತ ಒಂದಿದೆ. ಹತ್ತು ಬಾಬತ್ತು, ನೂರು ಅಂಕ. ಒಳ್ಳೆಯ ಅಳತೆಗೋಲೇ. ಆದರೆ ಬಳಕೆಯಲ್ಲಿರುವ ಫಾರಂನಲ್ಲಿ ಊಟದ ಸಾಲು ನೋಡಿ: ಕತ್ತರಿಸಲು, ಬೆಣ್ಣೆ ಸವರಲು ಸಹಾಯ ಬೇಕಾ? ಬ್ರೆಡ್ಡಿಗೆ ಬೆಣ್ಣೆ! ಮಂಡ್ಯದ ಅಜ್ಜಿ ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುತ್ತಾಳಾ, ಅನ್ನ-ಸಾರು ಬಲಗೈ ಬೀಳುವ ಮೊದಲು ಕಲೆಸುತ್ತಿದ್ದ ಹಾಗೆ ಕಲೆಸಲಾಗುತ್ತಾ, ಎಡಗೈಯಲ್ಲಿ ಉಣ್ಣಲು ಮನಸ್ಸು ಒಪ್ಪುತ್ತಾ - ಇದಕ್ಕೆ ಅಲ್ಲಿ ಜಾಗವಿಲ್ಲ. ಚಕ್ಕಳಮಕ್ಕಳ ಹಾಕಿ ನೆಲದಲ್ಲಿ ಕೂತು ಏಳಲು, ಸೀರೆ ನೆರಿಗೆ ಹಿಡಿಯಲು ಅಂಕವಿಲ್ಲ. ಆ ಫಾರಂ ತುಂಬಿ ತುಂಬಿ ನಾವು ನಮ್ಮ ಜನರನ್ನು ಅಳೆಯುತ್ತಿದ್ದೇವೆ. ಆಮೇಲೆ ಜನಕ್ಕೆ ನಾವು ಅರ್ಥವಾಗಲಿಲ್ಲ ಅಂತ ಅಳುತ್ತೇವೆ.

ಮಕ್ಕಳ ಕಡೆಗೆ ಬನ್ನಿ. ಈಗ ಬೆಂಗಳೂರಿನಲ್ಲಿ 'ಓಟಿ' ಅಂದರೆ ಆಟಿಸಂ ಇರುವ ಮಕ್ಕಳ ಉಯ್ಯಾಲೆ, ಬಣ್ಣದ ಚೆಂಡಿನ ತೊಟ್ಟಿ ಅಂತ ಅರ್ಥವಾಗುತ್ತಿದೆ. ಉಯ್ಯಾಲೆಗೆ ಅದರದೇ ಕಾರಣ ಇರಬಹುದು. ಆದರೆ ಮಗು ಟಿಫಿನ್ ಬಾಕ್ಸ್ ತಾನೇ ತೆಗೆಯುತ್ತಾ, ಶಾಲೆಯ ಟಾಯ್ಲೆಟ್ಟಿಗೆ ಒಂದೇ ಹೋಗಿ ಬರುತ್ತಾ ಅನ್ನುವುದು ನಮ್ಮ ಗುರಿ ಅಂತ ತಂದೆತಾಯಿಗೆ ಮೊದಲ ದಿನವೇ ಹೇಳದಿದ್ದರೆ, ಅವರು ಉಯ್ಯಾಲೆಗೆ ದುಡ್ಡು ಕೊಟ್ಟೆವು ಅಂದುಕೊಳ್ಳುತ್ತಾರೆ. ಇನ್ನೇನು ಅಂದುಕೊಳ್ಳಬೇಕು?

ಇನ್ನು 'ಡಾ.' ಅನ್ನುವ ಹುಚ್ಚು. 2025ರ ಸೆಪ್ಟೆಂಬರಿನಲ್ಲಿ ಕೇಂದ್ರದ ಆರೋಗ್ಯ ಸೇವೆಗಳ ನಿರ್ದೇಶನಾಲಯ ಫಿಸಿಯೋಥೆರಪಿಸ್ಟರು ಹೆಸರಿಗೆ 'ಡಾ.' ಸೇರಿಸಬಾರದು ಅಂತ ಪತ್ರ ಹೊರಡಿಸಿ, ಮರುದಿನವೇ ಹಿಂತೆಗೆದುಕೊಂಡಿತು. ಆ ಎರಡು ದಿನ ನಮ್ಮವರ ವಾಟ್ಸಪ್ ಗುಂಪುಗಳಲ್ಲಿಯೂ ಕುರುಕ್ಷೇತ್ರ. ನಮ್ಮ ಹೆಸರಿಗೆ 'ಡಾ.' ಬೇಕೋ ಬೇಡವೋ, ನಾನು ಆ ಜಗಳಕ್ಕೆ ಬರುವುದಿಲ್ಲ. ಒಂದೇ ಮಾತು ಕೇಳುತ್ತೇನೆ: ಆ ಎರಡು ದಿನ ಬರೆದ ಸಾವಿರಾರು ಸಾಲುಗಳಲ್ಲಿ ಹತ್ತು ಸಾಲು, ಕನ್ನಡದಲ್ಲಿ, ಒಬ್ಬ ಪೇಷೆಂಟಿನ ಮನೆಯವರಿಗೆ ಅರ್ಥವಾಗುವ ಹಾಗೆ, ನಮ್ಮ ಕೆಲಸದ ಬಗ್ಗೆ ಬರೆದಿದ್ದರೆ? 2021ರಲ್ಲಿ ಪಾರ್ಲಿಮೆಂಟು ಮಾಡಿದ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಕಾಯಿದೆಯಲ್ಲಿ ಫಿಸಿಯೋಥೆರಪಿಯೇ ಬೇರೆ ವರ್ಗ, ಆಕ್ಯುಪೇಶನಲ್ ಥೆರಪಿಯೇ ಬೇರೆ ವರ್ಗ. ಕಾನೂನಿಗೆ ವ್ಯತ್ಯಾಸ ಗೊತ್ತಿದೆ. ಡಾಕ್ಟರು ಬರೆಯುವ ಚೀಟಿಯಲ್ಲಿ ಮಾತ್ರ ಇವತ್ತಿಗೂ 'ಫಿಸಿಯೋ/ಓಟಿ'. ನಡುವೆ ಒಂದು ಅಡ್ಡಗೆರೆ, ಯಾವುದಾದರೂ ಒಂದು ಮಾಡಿಸಿ ಅನ್ನುವ ಹಾಗೆ!

ಕನ್ನಡ ಬ್ಲಾಗಿಗರಾದ ನಿಮ್ಮಲ್ಲಿ ಕೆಲವರು ಈಗಾಗಲೇ ತಲೆ ಕೆರೆದುಕೊಳ್ಳುತ್ತಿರುತ್ತೀರಿ - ಇದಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಪದ ಹುಟ್ಟಿಸಿದರೆ ಸರಿಹೋಗಲ್ವಾ ಅಂತ. ಹುಟ್ಟಿಸಿದ್ದಾರೆ ಮಹಾರಾಯರೇ. 'ಔದ್ಯೋಗಿಕ ಚಿಕಿತ್ಸೆ' ಅಂದರೆ ಫ್ಯಾಕ್ಟರಿಯಲ್ಲಿ ಕೈ ಸಿಕ್ಕಿಹಾಕಿಕೊಂಡವರಿಗೆ ಕೊಡುವುದು ಅನ್ನಿಸುತ್ತದೆ. 'ವೃತ್ತಿ ಚಿಕಿತ್ಸೆ' ಅಂದರೆ ವೃತ್ತಿಗೇ ಕಾಯಿಲೆ. 'ಕಾಯಕ ಚಿಕಿತ್ಸೆ' ಅಂತ ನನ್ನ ಗೆಳತಿಯೊಬ್ಬಳ ಸಲಹೆ. ಹನ್ನೆರಡನೇ ಶತಮಾನದ ಶರಣರು ಯಾವ ಕೆಲಸವೂ ಕೀಳಲ್ಲ ಅಂತ ಎತ್ತಿ ಹಿಡಿದ ಪದ, ಹತ್ತಿರ ಬರುತ್ತದೆ. ಆದರೆ ಮೇಷ್ಟ್ರು ಪೇಪರ್ ಓದುವುದು, ಅಜ್ಜಿ ಮೊಮ್ಮಗಳ ಜಡೆ ಹೆಣೆಯುವುದು ಕಾಯಕವೇ? ಹೌದು ಅಂದರೆ ಹೌದು, ಅಲ್ಲ ಅಂದರೆ ಅಲ್ಲ. ನಮ್ಮ ವೃತ್ತಿಯ ಹೆಸರಿನಲ್ಲಿರುವ 'ಆಕ್ಯುಪೇಶನ್' ಸಂಬಳದ ಕೆಲಸ ಮಾತ್ರ ಅಲ್ಲ, ಮನುಷ್ಯನ ದಿನವನ್ನು ತುಂಬುವುದೆಲ್ಲ ಅದರಲ್ಲಿ ಸೇರುತ್ತದೆ. ಒಳ್ಳೆಯ ಪದ ಸಿಕ್ಕರೆ ನನಗೆ ಸಂತೋಷವೇ. ಆದರೆ 'ಫಿಸಿಯೋಥೆರಪಿ' ಅನ್ನುವುದೂ ಕನ್ನಡ ಪದವಲ್ಲ. ಊರಿಗೆ ಊರೇ ಅದನ್ನು ಬಲ್ಲದು. ಯಾಕೆಂದರೆ ಪಕ್ಕದ ಮನೆಯವರು ಹೋಗಿ ಬಂದು ಏನು ಮಾಡಿದರು ಅಂತ ಹೇಳಿರುತ್ತಾರೆ. ಹೆಸರು ಕಷ್ಟದ್ದು ಅಂತ ನಾವು ಬಚ್ಚಿಟ್ಟುಕೊಳ್ಳಲು ಆಗುವುದಿಲ್ಲ.

ಈಗ ನಿಮ್ಮ ಸರದಿ, ಅಂದರೆ ನಮ್ಮೆಲ್ಲರ ಮನೆಗಳ ಸರದಿ.

ಗಂಡಸಿಗೆ ಸ್ಟ್ರೋಕ್ ಆದರೆ ಏನಾಗುತ್ತದೆ? ಹೆಂಡತಿ ಸ್ನಾನ ಮಾಡಿಸುತ್ತಾಳೆ, ಪಂಚೆ ಉಡಿಸುತ್ತಾಳೆ, ಕಲೆಸಿ ಬಾಯಿಗಿಡುತ್ತಾಳೆ. "ನೀವೇ ಮಾಡ್ಕೊಳ್ಳೋದು ಕಲೀರಿ" ಅಂದರೆ ಕಟುಕಳು. ನಾನು ಮನೆಯವರಿಗೆ "ಅವರೇ ಹಾಕಿಕೊಳ್ಳಲಿ, ಹತ್ತು ನಿಮಿಷ ಕಾಯಿರಿ" ಅಂದಾಗ ಎಷ್ಟು ಸಲ ಕೇಳಿದ್ದೇನೆ ಈ ಉತ್ತರ: "ಇರ್ಲಿ ಬಿಡಿ ಮೇಡಂ, ಮನೇಲಿ ಇವಳು ಇದಾಳಲ್ಲ." ಇವಳಿಗೆ ಅರವತ್ತೆಂಟು ವರ್ಷ. ಇವಳ ಬೆನ್ನು ಹೋಗಿದೆ. ಅದು ಯಾವ ಫೈಲಿನಲ್ಲೂ ಇಲ್ಲ.

ಹೆಂಗಸಿಗೆ ಸ್ಟ್ರೋಕ್ ಆದರೆ? "ಇಷ್ಟು ದಿನ ಮಾಡಿದ್ದು ಸಾಕು, ಆರಾಮಾಗಿ ಕೂತ್ಕೋ" ಅಂತ ಟಿವಿ ಮುಂದೆ ಕೂರಿಸುತ್ತಾರೆ. ಪ್ರೀತಿಯಿಂದಲೇ. ಹಾಗೆ ಕೂತ ಒಬ್ಬ ಅಮ್ಮ ನನ್ನ ಮುಂದೆ "ಅಡುಗೆಮನೆಗೆ ಹೋದ್ರೆ ಎಲ್ರೂ ಓಡಿ ಬರ್ತಾರೆ, ಕಳ್ಳಿ ಹಿಡಿದ ಹಾಗೆ" ಅಂತ ಅತ್ತರು. ಬಲಗೈ ಬಿದ್ದಿತ್ತು. ಒಂದೇ ಕೈಯಲ್ಲಿ ಈಳಿಗೆಮಣೆ ಅಪಾಯ, ನಿಜ. ಒಂದು ಮರದ ಹಲಗೆಗೆ ಕೆಳಗಿನಿಂದ ಎರಡು ಸ್ಟೀಲ್ ಮೊಳೆ ಹೊಡೆಸಿ, ಜಾರದ ಹಾಗೆ ಅಡಿಗೆ ರಬ್ಬರ್ ಹಾಕಿಸಿದೆವು. ಬದನೆಕಾಯಿಯನ್ನು ಮೊಳೆಗೆ ಚುಚ್ಚಿದರೆ ಅದು ಅಲುಗಾಡುವುದಿಲ್ಲ, ಎಡಗೈಯಲ್ಲಿ ಚಾಕು ಹಿಡಿದು ಹೆಚ್ಚಬಹುದು. ಬಡಗಿ ತೆಗೆದುಕೊಂಡಿದ್ದು ಇನ್ನೂರು ರೂಪಾಯಿ. ಮೂರು ವಾರದ ಮೇಲೆ ಮಗನ ಹತ್ತಿರ ಹುಳಿ ಕಳಿಸಿದ್ದರು. ಬದನೆ ಹೋಳು ಒಂದು ದೊಡ್ಡದು ಒಂದು ಚಿಕ್ಕದು. ಚೆನ್ನಾಗಿತ್ತು.

ನಮ್ಮ ವೃತ್ತಿ ಕಣ್ಣಿಗೆ ಕಾಣದಿರುವುದಕ್ಕೆ ಅಸಲಿ ಕಾರಣ ಇದೇ ಅಂತ ನನಗೆ ಅನ್ನಿಸುತ್ತದೆ. ಸ್ನಾನ, ಬಟ್ಟೆ, ಊಟ, ಬಚ್ಚಲು - ಇವನ್ನು ನಾವು ಕೆಲಸ ಅಂತಲೇ ಲೆಕ್ಕ ಹಿಡಿಯುವುದಿಲ್ಲ. ಮಾಡಿಕೊಡುವವಳ ದುಡಿಮೆಯೂ ಲೆಕ್ಕಕ್ಕಿಲ್ಲ, ಅದನ್ನು ಕಳೆದುಕೊಂಡವನ ಮಾನವೂ ಲೆಕ್ಕಕ್ಕಿಲ್ಲ. ಇನ್ನು ಅದನ್ನು ವಾಪಸ್ ಕಲಿಸುವವಳು ಯಾವ ಲೆಕ್ಕ? ಅಕ್ಟೋಬರ್ 27ರ ಬ್ಯಾನರಿನಿಂದ ಇದು ಬದಲಾಗುವುದಿಲ್ಲ.

ನೀವೆಲ್ಲ ಬರೆಯುವ ಜನ, ನಾಲ್ಕು ಜನರ ಹತ್ತಿರ ಮಾತಾಡುವ ಜನ. ನಿಮ್ಮ ಮನೆಯಲ್ಲೋ ಪಕ್ಕದಲ್ಲೋ ಯಾರಿಗಾದರೂ ಹೀಗಾದಾಗ "ನಡೀತಾರಾ?" ಅಂತ ಕೇಳಿ, ಸಂತೋಷ. ಜೊತೆಗೆ ಇನ್ನೆರಡು ಪ್ರಶ್ನೆ ಕೇಳಿ. ಅವರ ಶರ್ಟಿನ ಗುಂಡಿ ಈಗ ಯಾರು ಹಾಕ್ತಾರೆ? ಅವರಿಗೆ ಏನು ಮಾಡಬೇಕು ಅಂತ ಆಸೆ ಇದೆ? ಆಮೇಲೆ ಡಾಕ್ಟರ ಹತ್ತಿರ "ಇದಕ್ಕೆ ಆಕ್ಯುಪೇಶನಲ್ ಥೆರಪಿ ಬೇಕಾ?" ಅಂತ ಬಾಯಿಬಿಟ್ಟು ಕೇಳಿ. ಮೇಷ್ಟ್ರಿಗೆ ಹೋದ ಎಂಟು ತಿಂಗಳು ಇನ್ನೊಬ್ಬರಿಗಾದರೂ ಉಳಿಯಲಿ.

ನನ್ನ ವೃತ್ತಿಬಾಂಧವರಿಗೆ ಹೇಳುವುದು ಇಷ್ಟೇ: ನಾವು ಫಿಸಿಯೋ ಅಲ್ಲ, ನಾವು ಅದಲ್ಲ, ಇದಲ್ಲ ಅನ್ನುವುದನ್ನು ನಿಲ್ಲಿಸೋಣ. ಏನು ಅಂತ ಹೇಳೋಣ. ಬಚ್ಚಲು, ಚೊಂಬು, ಗುಂಡಿ ಅಂತಲೇ ಹೇಳೋಣ.

ಏನಂತೀರಿ?

ಕೊಸರು: ದೊಡ್ಡಮ್ಮನ ಮಂಡಿ ನೋಡಿದೆ. ಫಿಸಿಯೋ ಹತ್ತಿರ ಹೋಗಿ ಅಂದೆ. ಆಮೇಲೆ ಕೇಳಿದೆ, "ಮಂಡಿ ನೋವಿಂದ ಏನ್ ಮಾಡಕ್ಕಾಗ್ತಿಲ್ಲ ದೊಡ್ಡಮ್ಮ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ದೇವರ ಮುಂದೆ ಕೂತು ದೀಪ ಹಚ್ಚಕ್ಕಾಗಲ್ಲ ಕಣೇ. ಸೊಸೆ ಹಚ್ತಾಳೆ" ಅಂದರು. ಮುಂದಿನ ಭಾನುವಾರ ಅವರ ಮನೆಗೆ ಹೋಗುತ್ತಿದ್ದೇನೆ. ದೇವರಮನೆಯ ಕಟ್ಟೆ ಎಷ್ಟು ಎತ್ತರ ಇದೆ, ಅಲ್ಲಿ ಒಂದು ಸ್ಟೂಲ್ ಹಿಡಿಯುತ್ತಾ ಅಂತ ನೋಡಬೇಕು.